ಮುಧೋಳ ನಾಯಿಗೆ ಜೀನು ಹಾಕಬಹುದೇ?

ಓದುಗರ ಪ್ರಶ್ನೆ: "ಸರ, ನಾನೊಂದು ಫ್ಯಾಂಟಸಿ ಕಾದಂಬರಿ ಬರೀಲಿಕ್ಕತ್ತೇನಿ. ಕತಿ ನಡಿಯೂದು ನಮ್ಮ ಬಾದಾಮಿ-ವಿಜಯಪುರ ಸೀಮಿಯೊಳಗ, ಆದ್ರ ಕಾಲ ಮಾತ್ರ ಕಲ್ಪನಾದ್ದು. ನಾಯಕಿಗೆ ಕುದುರಿ ಬ್ಯಾಡ ಅನ್ನಸೇತಿ. ದೊಡ್ಡ ಮುಧೋಳ ನಾಯಿ, ಉಡ, ಜೇಡ, ಇಲ್ಲಾ ಹಾರೂ ಹಕ್ಕಿ, ಇದರಾಗ ಯಾವುದರ ಮ್ಯಾಲೆ ಕುಂದರ್ಸಿದ್ರ ಓದೂ ಮಂದಿ ನಂಬ್ತಾರ?" (ಜಮಖಂಡಿಯಿಂದ)

ಹೆಚ್ಚುಕಡಿಮೆ ಇದೇ ಪ್ರಶ್ನೆ ಫ್ಯಾಂಟಸಿ ಬರೆಯಲು ಹೊರಟ ಎಲ್ಲರಿಂದಲೂ ಬರುತ್ತದೆ. ಒಬ್ಬರಿಗೆ ಹುಲಿ ಬೇಕು, ಇನ್ನೊಬ್ಬರಿಗೆ ಆರು ಕಾಲಿನ ಒಂಟೆ. ಉತ್ತರ ಹೇಳುವ ಮೊದಲು ನೀವೊಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ನಿಮ್ಮ ಪ್ರಾಣಿ ದೇವರ ವಾಹನದ ಥರದ್ದೋ, ದಂಡಿನ ಕುದುರೆಯ ಥರದ್ದೋ?

ಗಣಪತಿಯನ್ನು ಇಲಿ ಹೇಗೆ ಹೊತ್ತಿತು ಎಂದು ನಮ್ಮಲ್ಲಿ ಯಾರೂ ತಕರಾರು ತೆಗೆದಿಲ್ಲ. ಶನಿಗೆ ಕಾಗೆ, ಅಗ್ನಿಗೆ ಟಗರು, ಗಂಗೆಗೆ ಮಕರ, ಯಮುನೆಗೆ ಆಮೆ. ಕುಬೇರನಿಗಂತೂ ಮನುಷ್ಯನೇ ವಾಹನ. ಬಾದಾಮಿಯ ಮೂರನೇ ಗುಹೆಯಲ್ಲಿ, ಅಂದರೆ 578ರ ಮಂಗಳೇಶನ ಶಾಸನವಿರುವ ಗುಹೆಯಲ್ಲಿ, ವಿಷ್ಣು ಸುರುಳಿ ಸುತ್ತಿದ ಆದಿಶೇಷನ ಮೇಲೆ ಮಂಚದ ಮೇಲೆ ಕೂತವನಂತೆ ಕೂತಿದ್ದಾನೆ. ಅಲ್ಲಿ ಪ್ರಾಣಿ ದೇವರ ಗುರುತು. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂಬ ವಿಚಾರವೇ ಏಳುವುದಿಲ್ಲ. ನಿಮ್ಮ ಕಾದಂಬರಿಯಲ್ಲಿ ದೇವತೆಯೊಬ್ಬಳು ಒಂದೇ ಒಂದು ದೃಶ್ಯದಲ್ಲಿ ಚೇಳಿನ ಮೇಲೆ ಬಂದು ಹೋದರೆ ಯಾವ ಲೆಕ್ಕವೂ ಬೇಡ, ಧೈರ್ಯವಾಗಿ ಬರೆಯಿರಿ.

ಆದರೆ ನಿಮ್ಮ ನಾಯಕಿ ಬಾದಾಮಿಯಿಂದ ಹೊರಟು ಘಟಪ್ರಭೆ ದಾಟಿ, ಕೃಷ್ಣೆ ದಾಟಿ, ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ವಿಜಯಪುರ ಮುಟ್ಟಬೇಕು ಎಂದಿಟ್ಟುಕೊಳ್ಳಿ. ಆಗ ಓದುಗ ಮೂರು ಕೇಳುತ್ತಾನೆ: ಬೆನ್ನು ಹೇಗಿದೆ? ಹೊಟ್ಟೆಗೇನು? ಹೇಳಿದ ಮಾತು ಕೇಳುತ್ತದೆಯೇ? ನಿಮ್ಮ ಪಟ್ಟಿಯನ್ನು ಈ ಮೂರರಲ್ಲೇ ಹಾಯಿಸಿ ನೋಡೋಣ.

ಮುಧೋಳ ನಾಯಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಆಸೆ ಹುಟ್ಟಿಸುವುದು ಅದೇ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಬಿಲ್ಲಿನಂಥ ಬೆನ್ನು. ಗಂಡು ನಾಯಿ ಭುಜದ ಹತ್ತಿರ ಸುಮಾರು 70 ಸೆಂಟಿಮೀಟರ್ ಎತ್ತರ, 25 ಕಿಲೋ ಆಸುಪಾಸು ತೂಕ. ಇದನ್ನು ಎಲ್ಲ ಕಡೆಯಿಂದ ಎರಡು ಪಟ್ಟು ಹಿಗ್ಗಿಸಿ. ಎತ್ತರ 140 ಸೆಂಟಿಮೀಟರ್ ಆಯಿತು, ಸಣ್ಣ ಕುದುರೆಯಷ್ಟು. ತೂಕ ಮಾತ್ರ ಎರಡು ಪಟ್ಟಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ದುಪ್ಪಟ್ಟಾದ್ದರಿಂದ ಎಂಟು ಪಟ್ಟಾಗಿ 200 ಕಿಲೋ ಮುಟ್ಟುತ್ತದೆ. ಕುದುರೆ ಸಾಕುವವರು ರೂಢಿಯಲ್ಲಿ ಹಿಡಿಯುವ ಲೆಕ್ಕದಂತೆ ಪ್ರಾಣಿ ತನ್ನ ತೂಕದ ಐದನೇ ಒಂದು ಭಾಗವನ್ನು ಆರಾಮವಾಗಿ ಹೊರಬಲ್ಲದು. ಅಂದರೆ ಈ ನಾಯಿಗೆ 40 ಕಿಲೋ. ನಾಯಕಿ ಆರನೇ ಇಯತ್ತೆಯವಳಾದರೆ ಸರಿ. ಅವಳು 60 ಕಿಲೋ ಇದ್ದು, ಜೀನು-ಸಾಮಾನು 10 ಕಿಲೋ ಎಂದರೆ 350 ಕಿಲೋ ತೂಗುವ ನಾಯಿ ಬೇಕು. ಅದರ ಭುಜವೇ ಸುಮಾರು 170 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಹತ್ತುವುದಕ್ಕೆ ತೊಂದರೆಯಿಲ್ಲ, ಒಂಟೆಯ ಹಾಗೆ ಮಲಗಿಸಿ ಹತ್ತಬಹುದು.

ತೊಂದರೆ ಇರುವುದು ಕಾಲಲ್ಲಿ. ಮೂಳೆಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ ನಿಂತಿದೆ. ಆಕಾರ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ಹೊರಬೇಕಾದ ತೂಕ ಎಂಟು ಪಟ್ಟು. ಇದನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ಮೂಳೆಯ ಚಿತ್ರ ಬರೆದು ತೋರಿಸಿದ್ದ. ದೊಡ್ಡ ಪ್ರಾಣಿಯ ಮೂಳೆ ಉದ್ದಕ್ಕಿಂತ ಹೆಚ್ಚಾಗಿ ದಪ್ಪದಲ್ಲಿ ಬೆಳೆಯಲೇಬೇಕು. ಹಾಗಾಗಿ ನಿಮ್ಮ 350 ಕಿಲೋ ನಾಯಿಗೆ ಮುಧೋಳದ ಆ ಸಪೂರ ಕಾಲು ಉಳಿಯುವುದಿಲ್ಲ. ನೀವು ಮೆಚ್ಚಿದ ಚೆಲುವೇ ಮೊದಲು ಹೋಗುತ್ತದೆ.

ಇನ್ನು ಬೆನ್ನು. ಬೇಟೆನಾಯಿ ಓಡುವುದನ್ನು ಬದಿಯಿಂದ ನೋಡಿದ್ದೀರಾ? ಒಮ್ಮೆ ಮೈ ಪೂರಾ ಮಡಚಿ ಹಿಂಗಾಲು ಮುಂಗಾಲನ್ನೂ ದಾಟಿ ಮುಂದೆ ಬರುತ್ತವೆ, ಮರುಕ್ಷಣ ಮೈ ಪೂರಾ ಚಾಚುತ್ತದೆ. ಎರಡೂ ಸಲ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ. ಅದರ ವೇಗವೆಲ್ಲ ಈ ಬೆನ್ನಿನ ಬಳುಕಿನಲ್ಲೇ ಇದೆ. ಚಿರತೆ, ಹುಲಿ, ತೋಳ, ಎಲ್ಲವೂ ಹೆಚ್ಚುಕಡಿಮೆ ಹೀಗೇ. ಕುದುರೆಯ ಬೆನ್ನು ಹೀಗೆ ಬಳುಕುವುದಿಲ್ಲ. ಓಡುವಾಗಲೂ ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ. ಮನುಷ್ಯ ಸಾವಿರಾರು ವರ್ಷ ಅದರ ಮೇಲೆ ಕೂತದ್ದಕ್ಕೆ ಇದೊಂದು ದೊಡ್ಡ ಕಾರಣ. ಓಡುವ ನಾಯಿಯ ನಡುಬೆನ್ನ ಮೇಲೆ ಕೂತವಳು ಪ್ರತಿ ಜಿಗಿತಕ್ಕೂ ಗಾಳಿಯಲ್ಲಿ ಹಾರಿ ಬೀಳುತ್ತಾಳೆ.

ಇದಕ್ಕೊಂದು ದಾರಿ ಇದೆ, ಅದನ್ನು ಸೈಬೀರಿಯಾದ ಎವೆಂಕಿ ಜನ ಕಂಡುಕೊಂಡಿದ್ದಾರೆ. ಅವರು ಹಿಮಸಾರಂಗದ ಮೇಲೆ ಸವಾರಿ ಮಾಡುತ್ತಾರೆ. ಅದರ ನಡುಬೆನ್ನು ಬಲವಿಲ್ಲದ್ದು, ಅದಕ್ಕೇ ಜೀನನ್ನು ಮುಂದಕ್ಕೆ ತಂದು ಭುಜದ ಮೇಲೆ ಕಟ್ಟುತ್ತಾರೆ. ಕತ್ತೆಯ ಸವಾರರು ಅದಕ್ಕೆ ತದ್ವಿರುದ್ಧ, ಹಿಂದೆ ಸರಿದು ಸೊಂಟದ ಹತ್ತಿರ ಕೂರುತ್ತಾರೆ. ಪ್ರಾಣಿ ಬದಲಾದರೆ ಜೀನಿನ ಜಾಗವೂ ಬದಲಾಗುತ್ತದೆ. ಕಾದಂಬರಿಯಲ್ಲಿ ಇಂಥ ಒಂದು ಸಾಲು ಹಾಕಿದರೆ ಹತ್ತು ಪುಟದ ವರ್ಣನೆ ಉಳಿಯುತ್ತದೆ.

ನಾಯಿಯ ವಿಷಯದಲ್ಲಿ ನನಗೆ ನಿಜವಾಗಿ ರುಚಿಸುವುದು ಹೊಟ್ಟೆಯ ಲೆಕ್ಕ. ಕುದುರೆ, ಎತ್ತು ದಾರಿಬದಿಯ ಹುಲ್ಲು ಮೇಯುತ್ತವೆ, ಕಣಕಿ ಹಾಕಿದರೂ ನಡೆಯುತ್ತದೆ. ಮಾಂಸ ತಿನ್ನುವ ಪ್ರಾಣಿಗೆ ದಾರಿಬದಿಯಲ್ಲಿ ಏನೂ ಸಿಗುವುದಿಲ್ಲ. ಸಿಂಹಕ್ಕೆ ಸರಾಸರಿ ದಿನಕ್ಕೆ 5ರಿಂದ 7 ಕಿಲೋ ಮಾಂಸ ಬೇಕು. ನಮ್ಮ ನಾಯಿ ಅದಕ್ಕಿಂತ ದೊಡ್ಡದು, 10 ಕಿಲೋ ಎಂದು ಹಿಡಿಯಿರಿ. ನೂರು ನಾಯಿಗಳ ದಂಡಿಗೆ ದಿನಕ್ಕೆ ಒಂದು ಟನ್, ಅಂದರೆ ಅರವತ್ತು-ಎಪ್ಪತ್ತು ಕುರಿ. ವಾರದ ದಂಡಯಾತ್ರೆಗೆ ಐನೂರು ಕುರಿ ಹಿಂದೆ ನಡೆಯಬೇಕು, ಮತ್ತು ಕುರಿ ನಡೆದಷ್ಟೇ ವೇಗದಲ್ಲಿ ದಂಡೂ ನಡೆಯಬೇಕು. ಈಗ ಯೋಚಿಸಿ: ನಿಮ್ಮ ರಾಜ್ಯದಲ್ಲಿ ಯಾರ ಕೈ ಮೇಲು? ದಂಡನಾಯಕನದ್ದೇ, ಹಿಂಡು ಇಟ್ಟುಕೊಂಡ ಕುರುಬರದ್ದೇ? ಇದು ಬರೀ ತಮಾಷೆಯಲ್ಲ. ದಖ್ಖನಿನ ದೊಡ್ಡ ದೊಡ್ಡ ದಂಡುಗಳಿಗೆ ಕಾಳು ಮುಟ್ಟಿಸುತ್ತಿದ್ದದ್ದು ಬಂಜಾರರ ಹೇರೆತ್ತುಗಳು. ಅವು ಬರದಿದ್ದರೆ ದಂಡು ಅಲುಗುತ್ತಿರಲಿಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನೇ ತೆಗೆದುಕೊಳ್ಳಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಅದನ್ನು ಇಲ್ಲಿಗೆ ಎಳೆದು ತರಲು ಹತ್ತು ಆನೆಗಳ ಜೊತೆ ನಾನೂರು ಎತ್ತು ಬೇಕಾದವು ಎನ್ನುತ್ತಾರೆ. ತೋಪಿನ ಬಾಯಲ್ಲಿ ಕೆತ್ತಿರುವುದು ಆನೆಯನ್ನು ಜಗಿಯುವ ಸಿಂಹವನ್ನು, ಎಳೆದದ್ದು ಎತ್ತು!

ಎತ್ತಿನ ಮಾತು ಬಂತಲ್ಲ, ಒಂದು ಮಾತು ಸೇರಿಸುತ್ತೇನೆ. ನೀವು ಕೇಳದಿದ್ದರೂ ಖಿಲಾರಿ ಹೋರಿ ಈ ಪಟ್ಟಿಯಲ್ಲಿ ಇರಬೇಕಿತ್ತು. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಅದರ ಓಟ ಕಂಡವರಿಗೆ ವೇಗದ ಬಗ್ಗೆ ಅನುಮಾನ ಇರುವುದಿಲ್ಲ. ದಕ್ಷಿಣ ಆಫ್ರಿಕಾದ ಖೋಯಿಖೋಯಿ ಜನ ಎತ್ತಿನ ಮೇಲೇ ಸವಾರಿ ಮಾಡುತ್ತಿದ್ದರು. ಲಗಾಮಿನ ಬದಲು ಮೂಗುದಾರ ಸಾಕು. ಬೇರೆ ದೇಶದ ಫ್ಯಾಂಟಸಿ ಓದಿ ಡ್ರ್ಯಾಗನ್ ಹುಡುಕುವವರಿಗೆ ಮನೆಯ ಗ್ವಾದಲಿ ಕಣ್ಣಿಗೆ ಬೀಳುವುದಿಲ್ಲ.

ಜೇಡ ಬಿಡಿ. ದೊಡ್ಡದಾದರೆ ಅದಕ್ಕೆ ಉಸಿರೇ ಸಾಲದು. ಕಾಲು ಚಾಚಲು ಅದು ಮೈಯೊಳಗಿನ ದ್ರವದ ಒತ್ತಡವನ್ನು ನಂಬಿದೆ. ಒಂದು ಗಾಯವಾಗಿ ಒತ್ತಡ ಇಳಿದರೆ ಎಂಟೂ ಕಾಲು ಮುದುಡುತ್ತವೆ. ಬೆಳೆಯಬೇಕೆಂದರೆ ಪೊರೆ ಬಿಡಬೇಕು, ಬಿಟ್ಟ ಮೇಲೆ ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಮೈ ಮೆತ್ತಗೆ. ಹಟವಿದ್ದರೆ ಜೇಡದ ದಂಡನ್ನು ಶತ್ರುವಿಗೆ ಕೊಟ್ಟು, ಪೊರೆ ಬಿಡುವ ವಾರದಲ್ಲಿ ನಾಯಕಿಯಿಂದ ದಾಳಿ ಮಾಡಿಸಿ.

ಹಾರುವ ಹಕ್ಕಿಗೆ ಬರೋಣ. ನಮ್ಮ ಎರೆನೆಲದಲ್ಲಿ ಹಿಂದೆ ಓಡಾಡಿಕೊಂಡಿದ್ದ ಎರೆಭೂತ ಹಾರುವ ಹಕ್ಕಿಗಳಲ್ಲಿ ಬಲು ಭಾರದ್ದು. ಅದೇ ಹೆಚ್ಚೆಂದರೆ 15 ಕಿಲೋ. ಅಳಿದುಹೋದವುಗಳಲ್ಲಿ ಅರ್ಜೆಂಟೀನಾದ ಅರ್ಜೆಂಟಾವಿಸ್ 70 ಕಿಲೋ ಇದ್ದಿರಬಹುದು. ಹಕ್ಕಿಯ ಜಾತಿ ಬಿಟ್ಟು ಡೈನೊಸಾರ್ ಕಾಲದ ಹಾರುವ ಸರೀಸೃಪಗಳಿಗೆ ಹೋದರೆ ಕ್ವೆಟ್ಜಾಲ್ಕೋಟ್ಲಸ್ ಸಿಗುತ್ತದೆ: ರೆಕ್ಕೆ ಬಿಚ್ಚಿದರೆ 10 ಮೀಟರಿಗೂ ಹೆಚ್ಚು, ತೂಕ 200ರಿಂದ 250 ಕಿಲೋ. ಅದರ ಮೇಲೆ 60 ಕಿಲೋ ನಾಯಕಿ ಎಂದರೆ ಕಾಲುಭಾಗ ಹೆಚ್ಚಿನ ಹೊರೆ. ಬಯಲಿನಿಂದ ಮೇಲೇಳುವುದು ಕಷ್ಟ; ಬಾದಾಮಿಯ ಕೆಂಪು ಬಂಡೆಯ ತುದಿಯಿಂದ ಜಿಗಿದರೆ ಆದೀತು. ಹಾಗಾದರೆ ನಿಮ್ಮ ಹಕ್ಕಿಲಾಯ ಬಂಡೆಯ ಮೇಲೇ ಇರಬೇಕು, ವಿಜಯಪುರದಲ್ಲಿ ಇಳಿದ ಮೇಲೆ ಮತ್ತೆ ಏರಲು ಗೋಳಗುಮ್ಮಟದಂಥ ಎತ್ತರ ಬೇಕು. ಬಯಲುಸೀಮೆಯ ಮೇಲೆ ರೆಕ್ಕೆ ಬಡಿಯದೆ ತೇಲುವ ದೊಡ್ಡ ಹಕ್ಕಿಗಳು ಹೆಚ್ಚಾಗಿ ಕಾದ ನೆಲದಿಂದ ಏಳುವ ಬಿಸಿಗಾಳಿಯನ್ನು ನಂಬಿವೆ. ಎರೆಹೊಲ ಕಾಯುವ ಹೊತ್ತಿಗೆ, ಅಂದರೆ ಬಿಸಿಲೇರಿದ ಮೇಲೆ ಹಾರಾಟ, ಸಂಜೆಗೆ ಬಂದ್. ಬೆಳದಿಂಗಳ ಆಕಾಶದಲ್ಲಿ ನಾಯಕ-ನಾಯಕಿಯ ಜೋಡಿಸವಾರಿ ಬರೆದಿಟ್ಟಿದ್ದರೆ ಈಗಲೇ ತೆಗೆದುಬಿಡಿ.

ಉಳಿದದ್ದು ಉಡ. ನನ್ನ ವೋಟು ಅದಕ್ಕೆ.

ನಿಮ್ಮ ಸೀಮೆಗೂ ಅದಕ್ಕೂ ಹಳೆಯ ನಂಟಿದೆ. ಮುಧೋಳದ ಘೋರ್ಪಡೆ ಮನೆತನದ ಹಿರಿಯರೊಬ್ಬರು ಬಹಮನಿಗಳ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಕೋಟೆಗೋಡೆ ಏರಿದರು, ಅದರಿಂದಲೇ ಆ ಹೆಸರು ಬಂತು (ಮರಾಠಿಯಲ್ಲಿ ಘೋರ್ಪಡ ಅಂದರೆ ಉಡ) ಎಂಬ ಐತಿಹ್ಯ ಉಂಟು. ದೊಡ್ಡ ಉಡ ಬರೀ ಕಲ್ಪನೆಯೂ ಅಲ್ಲ. ಇಂಡೋನೇಷ್ಯಾದ ಕೊಮೊಡೊ ಉಡ ಈಗಲೂ 70-90 ಕಿಲೋ ತೂಗುತ್ತದೆ. ಆಸ್ಟ್ರೇಲಿಯಾದಲ್ಲಿ ಹಿಂದೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಉಡ ಓಡಾಡಿತ್ತು. ಜೊತೆಗೆ ಉಡ ಈಜುತ್ತದೆ, ಕೃಷ್ಣೆಗೆ ದೋಣಿ ಹುಡುಕುವ ತಾಪತ್ರಯ ಇಲ್ಲ. ದೊಡ್ಡ ಲಾಭ ಹೊಟ್ಟೆಯದು. ಮೈ ಬಿಸಿಯನ್ನು ತಾನೇ ಉರಿಸಿ ಕಾಯ್ದುಕೊಳ್ಳದ ಪ್ರಾಣಿಯಾದ್ದರಿಂದ, ಅಷ್ಟೇ ತೂಕದ ನಾಯಿ ತಿನ್ನುವುದರ ಹತ್ತನೇ ಒಂದು ಭಾಗ ಅದಕ್ಕೆ ಸಾಕು. ಕೊಮೊಡೊ ವರ್ಷಕ್ಕೆ ಹನ್ನೆರಡು ಊಟದಲ್ಲಿ ಬದುಕಬಲ್ಲದು. ಬರಗಾಲದ ನಾಡಿಗೆ ಇದಕ್ಕಿಂತ ಒಳ್ಳೆಯ ಸವಾರಿ ಯಾವುದಿದೆ?

ಕುಂದುಗಳೂ ಸೊಗಸಾಗಿವೆ, ಅವನ್ನು ಮುಚ್ಚಿಡಬೇಡಿ. ಉಡ ನಡೆಯುವುದು ಮೈಯನ್ನು ಎಡಕ್ಕೂ ಬಲಕ್ಕೂ ಬಳುಕಿಸಿ. ನಡುಬೆನ್ನ ಮೇಲೆ ಕೂತರೆ ತಲೆ ತಿರುಗುತ್ತದೆ. ಎವೆಂಕಿಗಳ ಹಾಗೆ ಭುಜದ ಮೇಲೆ ಕೂರಿಸಿ. ಕಾಲು ಬದಿಗೆ ಚಾಚಿರುವುದರಿಂದ ಹೊಟ್ಟೆ ನೆಲಕ್ಕೆ ಹತ್ತಿರ, ಸವಾರಳು ಕಾಲಿಡುವ ರಿಕಾಪು ಗಿಡ್ಡ ಇರಬೇಕು. ಮೈ ಬಳುಕಿಸುವ ಸ್ನಾಯುಗಳೇ ಉಸಿರೆಳೆಯುವುದಕ್ಕೂ ಬೇಕಾದ್ದರಿಂದ ಹಲ್ಲಿಯ ಜಾತಿಗೆ ಓಡುತ್ತಾ ಚೆನ್ನಾಗಿ ಉಸಿರಾಡಲು ಬರುವುದಿಲ್ಲ. ಉಡ ಗಂಟಲಿನಿಂದ ಗಾಳಿ ತಳ್ಳಿಕೊಂಡು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ, ಆದರೂ ಕುದುರೆಯ ದಮ್ಮು ಅದಕ್ಕಿಲ್ಲ. ಚಿಕ್ಕ ಓಟ, ಉದ್ದ ನಡಿಗೆ. ಹೊಟ್ಟೆ ತುಂಬ ಉಂಡ ಕೊಮೊಡೊ ಬೆದರಿದರೆ ಉಂಡದ್ದನ್ನೆಲ್ಲ ಕಾರಿ, ಮೈ ಹಗುರ ಮಾಡಿಕೊಂಡು ಓಡುತ್ತದೆ. ರಾಜಸಭೆಯ ದೃಶ್ಯಕ್ಕೆ ಇದನ್ನು ಬಳಸದಿದ್ದರೆ ನೀವು ಲೇಖಕರೇ ಅಲ್ಲ.

ಮಾತು ಕೇಳುತ್ತದೆಯೇ ಎಂಬುದೊಂದು ಉಳಿಯಿತು. ಜೀಬ್ರಾವನ್ನು ಗಾಡಿಗೆ ಕಟ್ಟಿ ಲಂಡನ್ನಿನಲ್ಲಿ ಓಡಿಸಿದವರಿದ್ದಾರೆ, ಆದರೂ ಅದು ಕುದುರೆಯಂತೆ ಪಳಗಲಿಲ್ಲ. ಆನೆ 22 ತಿಂಗಳು ಗಬ್ಬ ಹೊತ್ತು ಒಂದು ಮರಿ ಹಾಕುತ್ತದೆ, ದೊಡ್ಡದಾಗಲು ವರ್ಷಗಟ್ಟಲೆ ಬೇಕು. ಹಾಗಾಗಿ ರಾಜರು ಲಾಯದಲ್ಲಿ ಬೆಳೆಸುವುದಕ್ಕಿಂತ ಹೆಚ್ಚಾಗಿ ಕಾಡಿನಿಂದ ಹಿಡಿದು ಪಳಗಿಸಿದರು. ನಿಮ್ಮ ಉಡವನ್ನೂ ಹಾಗೇ ಇಟ್ಟುಕೊಳ್ಳಿ, ಒಬ್ಬ ಮಾವುತನಿಗೆ ಮಾತ್ರ ಒಗ್ಗುವ ಪ್ರಾಣಿಯಾಗಿ. ಅದು ನಾಯಕಿಯನ್ನು ಪ್ರೀತಿಸಬೇಕಾಗಿಲ್ಲ, ಅವಳನ್ನು ತಿನ್ನದಿದ್ದರೆ ಸಾಕು.

ಕಥೆ ಕಟ್ಟುವ ಬಗೆ ಕೇಳಿದರೆ ನಾನು ಹೀಗೆ ಮಾಡುತ್ತಿದ್ದೆ. ನಾಯಕಿಗೆ ಉಡ, ಶತ್ರುವಿಗೆ ನಾಯಿದಂಡು. ಉಡ ಬಿಸಿಲಿಗೆ ಮೈ ಕಾಯಿಸಿಕೊಳ್ಳದೆ ಹೆಜ್ಜೆ ಎತ್ತುವುದಿಲ್ಲ ಎಂಬುದು ಶತ್ರುವಿಗೆ ಗೊತ್ತು. ಅವನು ಮಾರ್ಗಶಿರದ ಚಳಿಯಲ್ಲಿ ನಸುಕಿಗೇ ಮುತ್ತಿಗೆ ಹಾಕುತ್ತಾನೆ. ಅವನ ಕುರಿಹಿಂಡು ಎರಡು ಹರದಾರಿ ಹಿಂದೆ ಉಳಿದಿದೆ ಎಂಬುದು ನಾಯಕಿಗೆ ಗೊತ್ತು. ಅವಳು ರಾತ್ರಿಯಿಡೀ ಲಾಯದ ಕಲ್ಲುಹಾಸಿನ ಕೆಳಗೆ ಬೆಂಕಿ ಹಾಕಿಸಿ, ಕಾದ ಕಲ್ಲಿನ ಮೇಲೆ ಉಡಗಳನ್ನು ಮಲಗಿಸಿರುತ್ತಾಳೆ. ಕೋಳಿ ಕೂಗುವ ಮೊದಲೇ ಅವು ಹೊರಬಿದ್ದು ಶತ್ರುವಿನ ದಂಡನ್ನು ಬಳಸಿ ಹೋಗಿ ಕುರಿಗಳ ಮೇಲೆ ಬೀಳಲಿ. ನಾಯಿಗಳು ಎಷ್ಟು ದಿನ ಉಪವಾಸ ಇದ್ದಾವು, ಹಸಿದ ಮೇಲೆ ಯಾರನ್ನು ನೋಡಿಯಾವು ಎಂಬುದನ್ನು ಮುಂದಿನ ಅಧ್ಯಾಯಕ್ಕೆ ಇಟ್ಟುಕೊಳ್ಳಿ.