ಹೆರಿಗೆ ಕೋಣೆಯೊಳಗೆ ಗಂಡನನ್ನು ಬಿಟ್ಟರೆ ಸಾಕೇ?

ಪ್ರಶ್ನೆ: ಕುಟುಂಬ ಕೇಂದ್ರಿತ ಹೆರಿಗೆ ಆರೈಕೆ ಎಂದರೆ ಹೆರಿಗೆಯ ಹೊತ್ತಿನಲ್ಲಿ ಗಂಡನನ್ನು ಒಳಗೆ ಬಿಡುವುದು ತಾನೇ? ಅದಕ್ಕಿಂತ ಹೆಚ್ಚಿಗೆ ತಂದೆತಾಯಂದಿರು ಏನನ್ನು ಬಯಸುತ್ತಾರೆ?

ಉತ್ತರ: ಜೊತೆಗೊಬ್ಬರಿರುವುದು ಖಂಡಿತ ಮುಖ್ಯ. ಹೆರಿಗೆ ನೋವಿನ ಉದ್ದಕ್ಕೂ ಒಬ್ಬರು ಬಿಡದೆ ಪಕ್ಕದಲ್ಲಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ನೋವಿನ ಅವಧಿಯೂ ತುಸು ಕಡಿಮೆಯಾಗುತ್ತದೆ ಎಂಬುದು 17 ದೇಶಗಳ 15,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯಲ್ಲಿ ಕಂಡುಬಂದಿದೆ. ಆ ಒಬ್ಬರು ಯಾರೆಂಬುದನ್ನು ಹೆರುವವಳೇ ಆರಿಸಿಕೊಳ್ಳಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ. ಗಂಡನ ಬದಲು ತಾಯಿಯೋ ಅಕ್ಕನೋ ಗೆಳತಿಯೋ ಇರಬಹುದು.

ಆದರೆ ಒಳಗೆ ಬಂದವರು ಗೋಡೆಗೊರಗಿ ಮೂಕರಾಗಿ ನಿಲ್ಲುವಂತಾದರೆ ಆ ಆರೈಕೆ ಅರ್ಧಕ್ಕೇ ನಿಂತಂತೆ. ತಂದೆತಾಯಂದಿರು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದು, ತಮಗೆ ಮೊದಲೇ ತಿಳಿಸಲಿ, ತಮ್ಮನ್ನು ಕೇಳಲಿ ಎಂಬುದನ್ನು. ಕೈಗವಸು ತೊಡುತ್ತಾ ನರ್ಸ್, "ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ನೋಡಬೇಕಮ್ಮಾ, ಈ ನೋವು ಇಳಿದ ಮೇಲೆ ನೋಡಲೇ?" ಎಂದು ಕೇಳಿ, ಆಕೆ ಹೂಂ ಎನ್ನುವವರೆಗೆ ಕಾಯುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ, ಆದರೆ ಅದೇ ಪರೀಕ್ಷೆಯನ್ನು ಹೇಳದೆ ಕೇಳದೆ ಮಾಡಿದರೆ ಅದರ ನೋವು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯಬಹುದು. ತುರ್ತಾಗಿ ಸಿಸೇರಿಯನ್ ಮಾಡಬೇಕಾಗಿ ಬಂದಾಗ ದೀರ್ಘ ಚರ್ಚೆಗೆ ಸಮಯವಿರುವುದಿಲ್ಲ, ನಿಜ. ಆಗಲೂ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ ಒಪ್ಪಿಗೆ ಪಡೆಯಬಹುದು. ಮರುದಿನ ಹಾಸಿಗೆಯ ಪಕ್ಕ ಕುಳಿತು ಏನಾಯಿತು, ಏಕೆ ಹಾಗೆ ಮಾಡಬೇಕಾಯಿತು ಎಂದು ವಿವರಿಸಬಹುದು. ಈ ಎರಡನೆಯ ಮಾತುಕತೆಯನ್ನು ಆಸ್ಪತ್ರೆಗಳು ತೀರಾ ಸುಲಭವಾಗಿ ಮರೆಯುತ್ತವೆ ಎಂಬುದು ನನ್ನ ಬಲವಾದ ಅನಿಸಿಕೆ.

ಇನ್ನೊಂದು ಬಯಕೆ, ಮಗುವನ್ನು ತಮ್ಮಿಂದ ದೂರ ಮಾಡಬಾರದೆಂಬುದು. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದರೆ ಮೊದಲ ಒಂದು ಗಂಟೆ ಮಗು ತಾಯಿಯ ಎದೆಯ ಮೇಲೆ, ಮೈಗೆ ಮೈ ತಾಗಿ ಇರಬೇಕು. ಅದರಿಂದ ಮಗುವಿನ ಮೈ ಬೆಚ್ಚಗಿರುತ್ತದೆ, ಹಾಲೂಡಿಸುವುದೂ ಬೇಗ ಶುರುವಾಗುತ್ತದೆ. ತೂಕ ನೋಡುವುದು ಅಲ್ಲಿಯವರೆಗೆ ಕಾಯಬಲ್ಲದು. ದಿನ ತುಂಬದೆ ಹುಟ್ಟಿದ ಮಗುವಿನ ವಿಷಯದಲ್ಲಂತೂ ತಂದೆತಾಯಂದಿರನ್ನು ಗಾಜಿನಾಚೆ ನಿಂತು ನೋಡಿ ಹೋಗುವವರಂತೆ ಕಾಣದೆ, ಮಗುವನ್ನು ಎದೆಗಪ್ಪಿ ಆರೈಕೆ ಮಾಡುವವರನ್ನಾಗಿಯೇ ಕಾಣಬೇಕು.

ಆಸ್ಪತ್ರೆಯನ್ನು ಆರಿಸುವ ಮುನ್ನ ಇವನ್ನೆಲ್ಲ ನೇರವಾಗಿ ವಿಚಾರಿಸಿ. "ಜೊತೆಗೆ ಒಬ್ಬರು ಇರಬಹುದೇ?" ಎಂದಷ್ಟೇ ಕೇಳಿ ಸುಮ್ಮನಾಗದೆ, "ಸಿಸೇರಿಯನ್ ಆದರೆ ಮೊದಲ ಗಂಟೆ ನಮ್ಮ ಮಗು ಯಾರ ಬಳಿ ಇರುತ್ತದೆ?" ಎಂದೂ ಕೇಳಿ.