‘ಸರಿ ಮಾಡಿದರೆ ಏನಾಗಬೇಕಕ್ಕಾ?’

ಪ್ರಶ್ನೆ: ತಮ್ಮನಿಗೆ ಖಿನ್ನತೆ ಎಂದು ಡಾಕ್ಟರು ಹೇಳಿದ್ದಾರೆ. ಅಡಿಕೆ ತೋಟದಲ್ಲಿ ಡ್ರಿಪ್ ಪೈಪು ಒಡೆದು ಹದಿನೈದು ದಿನವಾಯಿತು, ದಿನವೂ ಅದನ್ನು ದಾಟಿಕೊಂಡೇ ಓಡಾಡುತ್ತಾನೆ. ಕೇಳಿದರೆ ‘ಸರಿ ಮಾಡಿದರೆ ಏನಾಗಬೇಕಕ್ಕಾ?’ ಎನ್ನುತ್ತಾನೆ. ಎಷ್ಟು ಧೈರ್ಯ ಹೇಳಿದರೂ ನಾಟುತ್ತಿಲ್ಲ. ಇದು ಸೋಮಾರಿತನವೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಅಲ್ಲ. ಸೋಮಾರಿಗೆ ನಾಳೆಯ ಮೇಲೆ ಎಲ್ಲಿಲ್ಲದ ನಂಬಿಕೆ, ಅದಕ್ಕೇ ಎಲ್ಲವನ್ನೂ ನಾಳೆಗೆ ಹಾಕುತ್ತಾನೆ. ನಿಮ್ಮ ತಮ್ಮನಿಗೆ ಆ ನಾಳೆಯೇ ಕಾಣುತ್ತಿಲ್ಲ.

ಖಿನ್ನತೆಯಲ್ಲಿ ಮೂರರ ಬಗೆಗಿನ ಯೋಚನೆ ಕಪ್ಪಾಗುತ್ತದೆ ಎಂದವರು ಅಮೆರಿಕದ ಮನೋವೈದ್ಯ ಆರನ್ ಬೆಕ್: ತಾನು, ಸುತ್ತಲಿನ ಲೋಕ, ಮುಂದಿನ ದಿನಗಳು. ಮೂರನೆಯದನ್ನು ಅಳೆಯಲೆಂದೇ ಅವರ ತಂಡ 1974ರಲ್ಲಿ 20 ಹೇಳಿಕೆಗಳ ಮಾಪಕವೊಂದನ್ನು ಪ್ರಕಟಿಸಿತು. ಆತ್ಮಹತ್ಯೆಯ ಅಪಾಯವನ್ನು ಅಂದಾಜು ಮಾಡುವಾಗ ವೈದ್ಯರು ಈ ಹತಾಶೆಯನ್ನು ವಿಶೇಷವಾಗಿ ಗಮನಿಸುತ್ತಾರೆ.

ಧೈರ್ಯದ ಮಾತು ನಾಟದಿರುವುದಕ್ಕೆ ಕಾರಣವಿದೆ. ಜ್ವರ ಬಂದವನಿಗೆ ಜ್ವರ ಬಂದಿದೆ ಎಂದು ಗೊತ್ತಾಗುತ್ತದೆ. ಹತಾಶೆ ಹಾಗಲ್ಲ, ಅದು ಕಾಯಿಲೆಯ ಲಕ್ಷಣವೆಂದು ಅನ್ನಿಸುವುದೇ ಇಲ್ಲ, ಕಟುಸತ್ಯ ಈಗ ತಿಳಿಯಿತು ಎನ್ನಿಸುತ್ತದೆ. ನಮ್ಮ ಕಡೆ ಹಿರಿಯರು ವಾಣಿವಿಲಾಸ ಸಾಗರದ ಉದಾಹರಣೆ ಕೊಡುತ್ತಾರೆ: 1933ರಲ್ಲಿ ಕೋಡಿ ಬಿದ್ದ ಜಲಾಶಯ 2022ರಲ್ಲಿ ಮತ್ತೆ ಬೀಳಲಿಲ್ಲವೇ? ಮಾತು ಚೆನ್ನಾಗಿದೆ. ಆದರೆ ಖಿನ್ನತೆಯಲ್ಲಿರುವವನ ಕಿವಿಗೆ ಬೀಳುವುದು ನಡುವಿನ 89 ವರ್ಷ ಮಾತ್ರ.

ಹಾಗಾಗಿ ವಾದ ಬಿಡಿ. ‘ಸಾಯುವ ಯೋಚನೆ ಬರುತ್ತಿದೆಯೇನೋ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದರೆ ಹೊರಬರುತ್ತದೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನೇ ಹೇಳಲಿ, ತೋಟಕ್ಕೆ ಹೊಡೆಯುವ ಔಷಧಿ ಇಂದೇ ಬೀಗದೊಳಗೆ ಸೇರಲಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನೀವೂ ಕರೆ ಮಾಡಬಹುದು.

ಮಾತ್ರೆ ಶುರುವಾಗಿದ್ದರೆ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟರಲ್ಲೇ ‘ಇದರಿಂದಲೂ ಏನೂ ಆಗಲ್ಲ’ ಎನ್ನುತ್ತಾನೆ ನೋಡಿ. ಅದೂ ಅದೇ ಹತಾಶೆಯ ಮಾತು. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಲು ಬಿಡಬೇಡಿ.

ಇನ್ನು ಪೈಪು. ಹುಮ್ಮಸ್ಸು ಬಂದ ಮೇಲೆ ಕೆಲಸ ಎಂದು ಕಾದರೆ ಅದು ಬರುವುದಿಲ್ಲ, ಈ ಕಾಯಿಲೆಯಲ್ಲಿ ಕೆಲಸವೇ ಮುಂದೆ, ಹುಮ್ಮಸ್ಸು ಹಿಂದೆ. ಒಂದು ತುದಿ ನೀವು ಹಿಡಿದು ಇನ್ನೊಂದನ್ನು ಅವನ ಕೈಗೆ ಕೊಡಿ. ಐದು ನಿಮಿಷಕ್ಕೇ ಎದ್ದು ಹೋದರೆ ಹೋಗಲಿ, ಬೈಯಬೇಡಿ. ಮರುದಿನ ಮತ್ತೆ ಕರೆಯಿರಿ.