ಕೊರವದ ಕರುಳಲ್ಲಿ ಹುಳು ಕಂಡರೆ

ಭೀಮಾ ಉಕ್ಕಿ ಇಳಿದ ಮೇಲೆ ಅಫಜಲಪುರ, ಜೇವರ್ಗಿ ಕಡೆಯ ತಗ್ಗುಗಳಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಅಲ್ಲಿ ಸಿಕ್ಕಿಬಿದ್ದ ಕೊರವ, ಮಾಗೂರ್ ಮೀನುಗಳ ಹೊಟ್ಟೆ ಸೀಳಿದರೆ ಹುಳು ಕಾಣುವುದು ಅಪರೂಪವಲ್ಲ. ಕಂಡ ಕೂಡಲೇ ಮೀನು ಬಿಸಾಡಬೇಕಿಲ್ಲ. ಹುಳು ಯಾವುದು, ಎಲ್ಲಿದೆ ಎಂದು ಮೊದಲು ನೋಡಿ.

ತಗ್ಗು ಬತ್ತುತ್ತ ಬಂದಂತೆ ಮೀನು, ಅದರ ಮಲ, ಚುಕ್ಕೆಯಷ್ಟೇ ಕಾಣುವ ಸೈಕ್ಲಾಪ್ಸ್ ಎಂಬ ನೀರಿನ ಕಿರುಜೀವಿ ಎಲ್ಲವೂ ಒಂದೇ ಕಡೆ ಒತ್ತೊತ್ತಾಗುತ್ತವೆ. ಹುಳುವಿನ ಮೊಟ್ಟೆ, ಮರಿಗಳನ್ನು ಸೈಕ್ಲಾಪ್ಸ್ ತಿನ್ನುತ್ತದೆ, ಸೈಕ್ಲಾಪ್ಸನ್ನು ಮೀನು ತಿನ್ನುತ್ತದೆ. ನಮ್ಮ ಹಿರಿಯರು ಕಂಡ ನಾರುಹುಣ್ಣೂ (ಚರ್ಮ ಸೀಳಿ ದಾರದಂಥ ಹುಳು ಹೊರಬರುವ ರೋಗ) ಇದೇ ಸೈಕ್ಲಾಪ್ಸ್ ಇದ್ದ ನೀರು ಕುಡಿದೇ ಬರುತ್ತಿತ್ತು. ಬಟ್ಟೆಯಲ್ಲಿ ಸೋಸಿ ಕುಡಿಯುವುದು ಅದನ್ನು ತಡೆಯುವ ಮುಖ್ಯ ದಾರಿಯಾಯಿತು, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಮೀನಿಗೆ ನೀರು ಸೋಸಿ ಕೊಡುವವರು ಯಾರು!

ಪರೀಕ್ಷೆಗೆ ತಾಜಾ ಮೀನೇ ಬೇಕು. ಗುದದಿಂದ ಗಂಟಲವರೆಗೆ ಕತ್ತರಿಯನ್ನು ಆಳಕ್ಕಿಳಿಸದೆ ಸೀಳಿ, ಕರುಳನ್ನು ಇಡಿಯಾಗಿ ತೆಗೆದು ಕಪ್ಪು ತಟ್ಟೆಯಲ್ಲಿ ನೇರ ಮಾಡಿ, ಉದ್ದಕ್ಕೆ ಬಿಡಿಸಿ. ತಟ್ಟೆಯಲ್ಲಿ ಲೀಟರಿಗೆ 7–8 ಗ್ರಾಂ ಉಪ್ಪು ಕರಗಿಸಿದ ನೀರಿರಲಿ. ಬರೀ ನೀರಿನಲ್ಲಿ ಹುಳು ಉಬ್ಬಿ ಒಡೆದು ಗುರುತೇ ಸಿಗುವುದಿಲ್ಲ.

ಎಳೆದರೂ ಬಾರದ ಬಿಳಿ ಹುಳು ಸಿಕ್ಕರೆ ಅದು ಮುಳ್ಳುತಲೆಯದು. ಕೊರವದಲ್ಲಿ ಸಿಗುವ ಪ್ಯಾಲಿಸೆಂಟಿಸ್ ಈ ಬಗೆಯದು. ಅದರ ಮೂತಿಯ ಕೊಕ್ಕೆಗಳು ಕರುಳಗೋಡೆಯಲ್ಲಿ ಹೂತಿರುತ್ತವೆ, ಚಿಮಟದಿಂದ ಜಗ್ಗಿದರೆ ಮೂತಿ ಅಲ್ಲೇ ಮುರಿದು ಉಳಿಯುತ್ತದೆ. ಸುತ್ತಲಿನ ತುಣುಕು ಸಮೇತ ಕತ್ತರಿಸಿ ತೆಗೆಯಿರಿ. ಕೆಂಪು ದಾರದಂತಿದ್ದರೆ ರಕ್ತ ಹೀರುವ ದುಂಡುಹುಳು. ಲಾಡಿಹುಳು ಗೆಣ್ಣುಗೆಣ್ಣಾಗಿ ಇರುತ್ತದೆ ಎಂದು ಓದಿದವರು ಮಾಗೂರಿನಲ್ಲಿ ಎಡವುತ್ತಾರೆ. ಅಲ್ಲಿಯ ಲಾಡಿಹುಳು ಲೈಟೊಸೆಸ್ಟಸ್‌ಗೆ ಗೆಣ್ಣೇ ಇಲ್ಲ, ಅದು ಬರುವುದೂ ಸೈಕ್ಲಾಪ್ಸಿನಿಂದಲ್ಲ, ಕೆಸರಿನ ಎರೆಹುಳು ಜಾತಿಯಿಂದ.

ಕರುಳಿನ ಈ ಹುಳುಗಳು ಮನುಷ್ಯರ ಹೊಟ್ಟೆಯಲ್ಲಿ ನೆಲೆಸುವಂಥವಲ್ಲ. ಎಚ್ಚರ ಬೇಕಾದ್ದು ಮಾಂಸದೊಳಗೆ ಸುರುಳಿ ಸುತ್ತಿಕೊಂಡ ಮರಿಹುಳುಗಳಿಗೆ. ನಿಂಬೆಹುಳಿ, ಉಪ್ಪು, ಖಾರ ಅವನ್ನು ಕೊಲ್ಲುವುದಿಲ್ಲ. ತುಂಡಿನ ನಡುವೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕುದಿಯುವ ಸಾರಿನಲ್ಲಿ ಇದು ಸುಲಭ. ದಪ್ಪ ತುಂಡನ್ನು ಜೋರು ಉರಿಯಲ್ಲಿ ಕರಿದಾಗಲೇ ಮೇಲೆ ಗರಿಗರಿ, ಮುಳ್ಳಿನ ಪಕ್ಕ ಹಸಿ.

ದೊಡ್ಡ ತಪ್ಪು ನಡೆಯುವುದು ಹೆಚ್ಚಾಗಿ ದಂಡೆಯಲ್ಲೇ. ಸ್ವಚ್ಛ ಮಾಡಿದ ಕರುಳನ್ನು ಅದೇ ತಗ್ಗಿಗೆ ಎಸೆದರೆ ಬಲಿತ ಹೆಣ್ಣು ಹುಳುಗಳೊಳಗಿನ ರಾಶಿ ಮೊಟ್ಟೆ ಸೈಕ್ಲಾಪ್ಸಿಗೆ ಊಟ. ಹೂಳಿ, ಇಲ್ಲವೇ ಬೇಯಿಸಿ ಕೋಳಿಗೆ ಹಾಕಿ.

ಸಾಕುವ ಹೊಂಡಕ್ಕೆ ಈ ತಗ್ಗಿನ ಮೀನುಮರಿ ತರಬೇಡಿ. ತಂದು ಕೆಟ್ಟಿದ್ದರೆ ನೀರು ಖಾಲಿ ಮಾಡಿ, ತಳದ ಮಣ್ಣು ಬಿರುಕು ಬಿಡುವವರೆಗೆ ಒಣಗಿಸಿ, ಎಕರೆಗೆ 80–100 ಕೆಜಿ ಸುಣ್ಣ ಹರಡಿ. ಅಂಗಡಿಯವರು ಕೊಡುವ ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ ಸರಿ, ದುಂಡುಹುಳುವಿಗೆ ನಾಟುವುದಿಲ್ಲ. ಕರುಳು ಬಿಡಿಸಿ ನೋಡದೆ ಔಷಧಿ ಕೊಳ್ಳಬೇಡಿ.